ಮನೆಯ ಕಂಬಕ್ಕೆ ಒರಲೆ: ವಿಷ ಸುರಿಯುವ ಮೊದಲು

ದೀಪಾವಳಿ ಹತ್ತಿರ ಬಂತೆಂದು ಅಟ್ಟ ಗುಡಿಸಲು ಹತ್ತುತ್ತೀರಿ. ಗೋಡೆಗೆ ತಾಗಿಸಿಟ್ಟ ಹಳೆಯ ಮರದ ಪೆಟ್ಟಿಗೆಯನ್ನು ಎತ್ತಿದರೆ ತಳ ಅಲ್ಲಿಯೇ ಉಳಿದು ಮೇಲಿನ ಭಾಗ ಮಾತ್ರ ಕೈಗೆ ಬರುತ್ತದೆ. ಒಳಗಿದ್ದ ಜಮೀನಿನ ಕಾಗದಪತ್ರ, ಹಿರಿಯರ ಲೆಕ್ಕದ ಪುಸ್ತಕ ಎಲ್ಲವೂ ಮಣ್ಣಿನ ಹೆಂಟೆಯಾಗಿವೆ. ತಲೆ ಎತ್ತಿ ನೋಡಿದರೆ ಗೋಡೆಯ ಮೂಲೆಯಿಂದ ತೊಲೆಯ ತುದಿಯವರೆಗೆ ಬೆರಳಗಲದ ಮಣ್ಣಿನ ಗೆರೆಯೊಂದು ಹೋಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಂಥ ದಿನವನ್ನು ಕಾಣದ ಹಳೆಯ ಮನೆ ಅಪರೂಪ. ಬೇರೆ ಕಡೆಯವರು ಗೆದ್ದಲು ಎನ್ನುವ ಈ ಹುಳುವನ್ನು ನಮ್ಮಲ್ಲಿ ಒರಲೆ ಎನ್ನುವುದು ರೂಢಿ. ಈ ಲೇಖನದಲ್ಲಿಯೂ ಹಾಗೆಯೇ ಕರೆಯೋಣ.

ಬೆಳೆ ವಿಜ್ಞಾನ ಓದಿದವರಿಗೆ ಮನೆ ರಿಪೇರಿಯ ಮಾತೇಕೆ ಎಂದು ನೀವು ಕೇಳಬಹುದು. ತೋಟದ ಒರಲೆಯ ಬಗ್ಗೆ ವಿಚಾರಿಸಲು ಬಂದ ರೈತರು ಎದ್ದು ಹೋಗುವ ಮುನ್ನ ಬಾಗಿಲ ಬಳಿ ನಿಂತು ಕೇಳುವುದು ಸಾಮಾನ್ಯವಾಗಿ ಮನೆಯ ಒರಲೆಯ ಬಗ್ಗೆಯೇ. ಅಷ್ಟರಲ್ಲಿ ಹಲವರು ಪೇಟೆಯಿಂದ ಯಾವುದೋ ಔಷಧಿ ತಂದು ಗೋಡೆಯ ಬುಡಕ್ಕೆ ಸುರಿದೂ ಆಗಿರುತ್ತದೆ. ಗೋಡೆಯಿಂದ ಹತ್ತು ಮಾರು ದೂರದಲ್ಲಿ ಕುಡಿಯುವ ನೀರಿನ ಬಾವಿ ಇರುತ್ತದೆ. ಒರಲೆ ಕಂಡ ದಿನ ಏನು ಮಾಡಬೇಕು, ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ವಿಷ ಈ ಸಾಲಿನಲ್ಲಿ ಕೊನೆಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದರ ಸರದಿ ಬರುವುದೇ ಇಲ್ಲ.

ಮಣ್ಣೋ, ಹಿಟ್ಟೋ, ಗಸಗಸೆಯೋ?

ಮರ ಹಾಳುಮಾಡುವುದೆಲ್ಲ ಒರಲೆಯಲ್ಲ. ಕಂಬದ ಬುಡದಲ್ಲಿ ಅಥವಾ ತೊಲೆಯ ಕೆಳಗೆ ಉದುರಿದ್ದನ್ನು ಒಂದು ಬಿಳಿ ಕಾಗದದ ಮೇಲೆ ಹಾಕಿ ಬೆಳಕಿನಲ್ಲಿ ನೋಡಿ.

ಉದುರಿದ್ದು ಮಣ್ಣಾಗಿದ್ದು, ಮರದ ಟೊಳ್ಳಿನ ಒಳಗೂ ಮಣ್ಣು ಮೆತ್ತಿಕೊಂಡಿದ್ದರೆ ಅದು ನೆಲದಿಂದ ಬಂದ ಒರಲೆ. ಗೋಧಿ ಹಿಟ್ಟಿನಂಥ ನಯವಾದ ಪುಡಿಯಾಗಿದ್ದು, ಮರದ ಮೈಮೇಲೆ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದರೆ ಅದು ಕುಟ್ಟೆ. ಕುಟ್ಟೆ ದುಂಬಿಯ ಜಾತಿಯ ಹುಳು. ಮರದಲ್ಲಿರುವ ಪಿಷ್ಟವೇ ಅದರ ಆಹಾರವಾದ್ದರಿಂದ ಬಿದಿರು ಮತ್ತು ಮರದ ಹೊರಗಿನ ಬಿಳಿ ಭಾಗವೆಂದರೆ ಅದಕ್ಕೆ ಬಲು ಇಷ್ಟ. ಅದು ಮರದಲ್ಲಿಯೇ ಮೊಟ್ಟೆಯಿಂದ ಹೊರಬಂದು ಮರದಲ್ಲಿಯೇ ಬೆಳೆಯುತ್ತದೆ. ಆದುದರಿಂದ ಗೋಡೆಯ ಬುಡಕ್ಕೆ ಎಷ್ಟು ವಿಷ ಸುರಿದರೂ ಅದಕ್ಕೆ ತಗಲುವುದಿಲ್ಲ. ಮೂರನೆಯದಾಗಿ, ಗಸಗಸೆಯಂಥ ಗಟ್ಟಿ ಕಾಳುಗಳು ರಾಶಿಯಾಗಿ ಬಿದ್ದಿದ್ದರೆ ಅದು ಒಣಮರದ ಒರಲೆಯ ಹಿಕ್ಕೆ. ಈ ಜಾತಿಗೆ ನೆಲದ ಸಂಪರ್ಕವೇ ಬೇಡ. ಕಡಲ ತೀರದ ಊರುಗಳಲ್ಲಿ ಇದು ಹೆಚ್ಚು. ಘಟ್ಟದ ಮೇಲಿನ ಮನೆಗಳಿಗೆ ಬಂದರೆ ಕೊಂಡು ತಂದ ಪೀಠೋಪಕರಣದ ಜೊತೆಗೆ ಬರುವ ಸಂಭವವೇ ಹೆಚ್ಚು.

ಇನ್ನು ಕೆಲವೊಮ್ಮೆ ಏನೂ ಉದುರಿರುವುದಿಲ್ಲ, ಹುಳುವೂ ಇರುವುದಿಲ್ಲ. ಮರ ಕಂದು ಬಣ್ಣಕ್ಕೆ ತಿರುಗಿ, ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಇದು ಶಿಲೀಂಧ್ರದಿಂದ ಬಂದ ಕೊಳೆ. ಅಡಿಕೆಗೆ ಕೊಳೆರೋಗ ಬರುವುದು ತೇವದಿಂದ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೊಲೆಯ ಕೊಳೆಯದೂ ಅದೇ ಕಥೆ. ಮರದ ತೇವಾಂಶ ಶೇಕಡಾ 20ರ ಒಳಗಿದ್ದರೆ ಈ ಶಿಲೀಂಧ್ರ ಬೆಳೆಯಲಾರದು. ನಾಲ್ಕಕ್ಕೂ ಒಂದೇ ಮದ್ದು ಎಂದು ಹೇಳುವವರ ಮಾತನ್ನು ನಂಬಬೇಡಿ.

ಒರಲೆಯೇ ಎಂದು ಖಚಿತವಾದ ಮೇಲೆ ಅದು ಈಗಲೂ ಓಡಾಡುತ್ತಿದೆಯೇ ಎಂಬುದನ್ನು ನೋಡಬೇಕು. ಹಳೆಯ ಮನೆಗಳಲ್ಲಿ ಎಂದೋ ಬಿಟ್ಟುಹೋದ ಮಣ್ಣಿನ ಗೆರೆಗಳು ಎಷ್ಟೋ ಇರುತ್ತವೆ. ಗೆರೆಯ ನಡುವೆ ಎರಡು ಅಂಗುಲದಷ್ಟು ಮಾತ್ರ ಕೆರೆದು ತೆಗೆಯಿರಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ದಿನಾಂಕ ಬರೆಯಿರಿ. ಒರಲೆ ಇದ್ದರೆ ಒಂದೆರಡು ದಿನದಲ್ಲಿ, ತಪ್ಪಿದರೆ ಒಂದು ವಾರದೊಳಗೆ, ಹಸಿ ಮಣ್ಣಿನಿಂದ ಆ ಕಂಡಿಯನ್ನು ಮುಚ್ಚುತ್ತದೆ. ಗಾಬರಿಯಲ್ಲಿ ಗೆರೆಯನ್ನೆಲ್ಲ ಪೊರಕೆಯಿಂದ ಗುಡಿಸಿಬಿಟ್ಟರೆ ಅದು ಬಂದ ದಾರಿಯೇ ಅಳಿಸಿಹೋಗುತ್ತದೆ. ಒರಲೆ ಇನ್ನೊಂದು ಮೂಲೆಯಿಂದ ಹತ್ತುತ್ತದೆ, ನಿಮಗೆ ತಿಳಿಯುವುದು ಮುಂದಿನ ವರ್ಷ.

ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಒರಲೆಗಳನ್ನು ಕಂಡು ಹೆದರಬೇಕಾಗಿಲ್ಲ. ಅವು ಹೊರಗಿನಿಂದ ಬೆಳಕಿಗೆ ಬಂದವು. ಆದರೆ ಕಿಟಕಿ ಬಾಗಿಲು ಹಾಕಿದ್ದಾಗಲೂ ಗೋಡೆಯ ಬಿರುಕಿನಿಂದಲೋ ಬಾಗಿಲ ಚೌಕಟ್ಟಿನ ಸಂದಿನಿಂದಲೋ ಅವು ಹೊರಟರೆ ಗೂಡು ಮನೆಯ ಅಡಿಯಲ್ಲಿಯೇ ಇದೆ ಎಂದು ತಿಳಿಯತಕ್ಕದ್ದು. ಆ ಜಾಗವನ್ನು ಗುರುತು ಮಾಡಿಡಿ.

ಒರಲೆಗೆ ಬೇಕಾದ್ದು ನೀರು

ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಒಡಾಂಟೋಟರ್ಮಿಸ್ ಎಂಬ ಕುಲದ ಒರಲೆಗಳು. ಮರ, ದರಗು, ಒಣಹುಲ್ಲುಗಳನ್ನು ತಿಂದು ಗೂಡಿಗೆ ಒಯ್ದು, ಅದರ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ ಆಹಾರ ಮಾಡಿಕೊಳ್ಳುತ್ತವೆ. ಮುಂಗಾರಿನ ಮೊದಲ ಮಳೆಗಳಲ್ಲಿ ಹುತ್ತದ ಬಳಿ ಏಳುವ, ನೀವು ಹುಡುಕಿ ತಂದು ಪಲ್ಯ ಮಾಡುವ ಅಣಬೆ ಆ ಶಿಲೀಂಧ್ರದ್ದೇ ಫಲ. ಸೊಪ್ಪಿನ ಬೆಟ್ಟದಲ್ಲಿ ಉದುರಿದ ಎಲೆ, ಸತ್ತ ರೆಂಬೆಗಳನ್ನು ಮಣ್ಣಿಗೆ ಸೇರಿಸುವ ಕೆಲಸದಲ್ಲಿ ಒರಲೆಯ ಪಾಲು ದೊಡ್ಡದು. ಹಾಗಾಗಿ ಬೆಟ್ಟದ ಹುತ್ತಗಳನ್ನೆಲ್ಲ ಒಡೆಯಬೇಕೆನ್ನುವ ಉತ್ಸಾಹ ಬೇಡ. ನಾಗರಪಂಚಮಿಗೆ ಹಾಲೆರೆಯುವ ಹುತ್ತದ ಗೊಡವೆಯಂತೂ ಬೇಡವೇ ಬೇಡ. ಹಾವಿನ ಭಯ ಒಂದು, ಮನೆಯವರ ಮನಸ್ಸು ಇನ್ನೊಂದು.

ಒರಲೆಯ ಮೈ ಬಲು ಮೆದು. ಒಣ ಗಾಳಿ, ಬಿಸಿಲು ತಾಗಿದರೆ ಬೇಗ ಒಣಗಿ ಸಾಯುತ್ತದೆ. ಗೋಡೆಯ ಮೇಲಿನ ಮಣ್ಣಿನ ಸುರಂಗ ಅದು ತನಗಾಗಿ ಕಟ್ಟಿಕೊಂಡ ಕೊಡೆ. ನೆಲದ ತೇವವನ್ನು ಆ ದಾರಿಯಲ್ಲಿ ಮೇಲಕ್ಕೆ ಒಯ್ಯುತ್ತಲೇ ಇರಬೇಕು. ಗೋಡೆಯೇ ಒದ್ದೆಯಾಗಿದ್ದರೆ ಆ ಶ್ರಮವೂ ತಪ್ಪುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಹೊಸನಗರದ ಹುಲಿಕಲ್ ಸುತ್ತಿನಲ್ಲಿಯೂ ಮಳೆ ಕಡಿಮೆಯೇನಲ್ಲ. ಇಂಥಲ್ಲಿ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಒಣಗಿರಬೇಕಾದರೆ ಮನೆಯವರು ಅದನ್ನು ಒಣಗಿಸಿಡಬೇಕು, ತಾನಾಗಿ ಒಣಗದು.

ಆದುದರಿಂದ ಸುರಂಗ ಕಂಡ ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ, ಇಲ್ಲಿಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದು. ಹೊಸನಗರ ತಾಲ್ಲೂಕಿನ ಒಂದು ಮನೆಯಲ್ಲಿ ಮೂರು ವರ್ಷ ಬಿಡದೆ ಔಷಧಿ ಹಾಕಿಸಿದ್ದರು. ಒರಲೆ ಮಾತ್ರ ದೇವರ ಕೋಣೆಯ ಅದೇ ಬಾಗಿಲಿಗೆ ಬರುತ್ತಿತ್ತು. ಆ ಗೋಡೆಯ ಹಿಂಭಾಗ ಬಚ್ಚಲುಮನೆ. ಹಂಡೆಯ ಕಟ್ಟೆಗೂ ಗೋಡೆಗೂ ನಡುವೆ ಗಾರೆ ಬಿರಿದು, ಸ್ನಾನದ ನೀರೆಲ್ಲ ತಳಪಾಯಕ್ಕೆ ಇಳಿಯುತ್ತಿತ್ತು. ಗಾರೆ ಕಿತ್ತು ಹೊಸದಾಗಿ ಹಾಕಿ, ನೀರು ಹರಿಯುವ ಇಳಿಜಾರನ್ನು ಹೊರಕ್ಕೆ ತಿರುಗಿಸಿದ ಮೇಲೆ ಒಂದು ಬೇಸಿಗೆಯಲ್ಲಿ ಗೋಡೆ ಒಣಗಿತು. ತಿಂದುಹೋದ ಚೌಕಟ್ಟಿನ ಬುಡವನ್ನು ಬದಲಿಸಿದರು. ಅಲ್ಲಿಂದ ಮುಂದೆ ಅಲ್ಲಿ ಒರಲೆ ಕಂಡಿಲ್ಲ.

ಎಲ್ಲ ಮನೆಯಲ್ಲಿಯೂ ಇಷ್ಟು ಸುಲಭವಾಗಿ ಮುಗಿಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನೋಡಬೇಕಾದ ಜಾಗಗಳು ಎಲ್ಲ ಮನೆಯಲ್ಲಿಯೂ ಹೆಚ್ಚು ಕಡಿಮೆ ಅವೇ. ಮಾಡಿನಿಂದ ಆರಂಭಿಸಿ. ಎರಡು ಮಾಡುಗಳು ಕೂಡುವ ಮೂಲೆಯ ತಗಡಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು ನೀರು ಹಿಂದಕ್ಕೆ ಹಾಯುವುದುಂಟು. ಗೋಡೆಯ ತಲೆಯ ಮೇಲೆ ತೊಲೆ ಕುಳಿತಿರುವ ಜಾಗದಲ್ಲಿ ಒಂದೇ ಒಂದು ಹಂಚು ಜಾರಿದ್ದರೆ ಸಾಕು, ನಾಲ್ಕು ತಿಂಗಳು ಹನಿ ಹನಿಯಾಗಿ ನೀರು ಅಲ್ಲಿಗೇ ಇಳಿಯುತ್ತದೆ. ಕೆಳಗೆ ನಿಂತವರಿಗೆ ಅದು ಕಾಣುವುದೂ ಇಲ್ಲ. ಬಿಸಿಲಿರುವ ದಿನ ಅಟ್ಟ ಹತ್ತಿ, ದೀಪ ಆರಿಸಿ ಕುಳಿತರೆ ಬೆಳಕು ತೂರಿ ಬರುವ ಕಂಡಿಗಳೆಲ್ಲ ಕಾಣುತ್ತವೆ. ಬಿದಿರಿನ ಕಡ್ಡಿಯನ್ನು ಆ ಕಂಡಿಯಲ್ಲಿ ತೂರಿಸಿಟ್ಟರೆ ಮಾಡಿನ ಮೇಲೆ ಹೋದವರಿಗೆ ಗುರುತು ಸಿಗುತ್ತದೆ.

ಹಂಚು ಜಾರಿಸುವುದರಲ್ಲಿ ಮಂಗಗಳ ಪಾತ್ರವನ್ನು ವಿವರಿಸಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಹಂಚು ಕೈಯಾಡಿಸುವ ಕೆಲಸ ನಡೆಯುವ ಜನವರಿಯಿಂದ ಮೇವರೆಗಿನ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ಮಾಡಿನ ಮೇಲೆ, ಕೊಟ್ಟಿಗೆಯ ಹಿಂದೆ ಅಥವಾ ತೋಟದಲ್ಲಿ ಸತ್ತ ಮಂಗ ಕಂಡರೆ ಮುಟ್ಟತಕ್ಕದ್ದಲ್ಲ, ಹತ್ತಿರವೂ ಹೋಗತಕ್ಕದ್ದಲ್ಲ. ಅದರ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ದರಗಿನಲ್ಲಿರುತ್ತವೆ. ಮೊದಲು ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಹಂಚಿನ ಕೆಲಸ ಆಮೇಲೆ.

ಮಾಡು ಮುಗಿದ ಮೇಲೆ ಗೋಡೆಯ ಬುಡಕ್ಕೆ ಬನ್ನಿ. ನಮ್ಮ ಮನೆಗಳ ದೊಡ್ಡ ತೊಂದರೆ ಇರುವುದು ಅಂಗಳದಲ್ಲಿ. ಅಡಿಕೆ ಒಣಗಿಸಲು ಪ್ರತಿ ವರ್ಷ ಮಣ್ಣು ಹಾಕಿ, ಬಡಿದು, ಸಗಣಿ ಸಾರಿಸುತ್ತೇವೆ. ವರ್ಷಕ್ಕೆ ಅರ್ಧ ಅಂಗುಲ ಏರಿದರೂ ಇಪ್ಪತ್ತು ವರ್ಷಕ್ಕೆ ಹತ್ತು ಅಂಗುಲವಾಯಿತು. ಅಜ್ಜನ ಕಾಲದಲ್ಲಿ ಕಲ್ಲಿನ ಮೇಲೆ ನಿಂತಿದ್ದ ಜಗಲಿಯ ಕಂಬ ಇಂದು ಮಣ್ಣಿನಲ್ಲಿ ಹೂತಿದೆ. ಮಣ್ಣನ್ನು ಕೆರೆದು, ಕಂಬದ ಕಲ್ಲು ಸುತ್ತಲೂ ಒಂದು ಗೇಣು ಹೊರಗೆ ಕಾಣುವಂತೆ ಮಾಡಿ. ಒರಲೆ ಕಲ್ಲಿನ ಮೇಲೂ ಹತ್ತಬಲ್ಲದು, ನಿಜ. ಆದರೆ ಆಗ ಅದರ ಸುರಂಗ ನಿಮ್ಮ ಕಣ್ಣಿಗೆ ಬೀಳುತ್ತದೆ. ಮಣ್ಣಿನೊಳಗಿಂದಲೇ ನೇರವಾಗಿ ಮರಕ್ಕೆ ಹೋದರೆ ಕಂಬ ಟೊಳ್ಳಾಗುವವರೆಗೆ ತಿಳಿಯುವುದಿಲ್ಲ.

ಎರಡನೆಯದು, ಮಳೆಯ ಇರಿಚಲಿಗೆಂದು ಗೋಡೆಗೆ ಕಟ್ಟುವ ಸೋಗೆಯ ತಟ್ಟಿ. ಗೋಡೆ ಉಳಿಸಲು ಅದು ಬೇಕು. ಆದರೆ ತಟ್ಟಿಯ ಬುಡ ನೆಲಕ್ಕೆ ಊರಿದ್ದರೆ ಒರಲೆಗೆ ತಿನ್ನಲು ಸೋಗೆ, ಮರೆಯಲ್ಲಿ ಏರಲು ದಾರಿ ಎರಡೂ ಒಟ್ಟಿಗೆ ಸಿಕ್ಕಂತೆ. ತಟ್ಟಿಯನ್ನು ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುವಂತೆ ಕಟ್ಟಿ. ಮಳೆ ನಿಂತ ಮೇಲೆ ಒಂದು ದಿನವೂ ತಡಮಾಡದೆ ಬಿಚ್ಚಿ. ಹಿಂದಿನ ಗೋಡೆಗೆ ಒಟ್ಟಿದ ಸೌದೆ, ಅಡಿಕೆ ಸಿಪ್ಪೆಯ ರಾಶಿ, ಹಾಳೆಯ ಕಟ್ಟು ಇವಕ್ಕೂ ಇದೇ ಮಾತು. ಗೋಡೆಗೂ ರಾಶಿಗೂ ನಡುವೆ ಒಬ್ಬರು ಪೊರಕೆ ಹಿಡಿದು ಹೋಗುವಷ್ಟು ಜಾಗ ಇರಲಿ.

ಕಂಬ ಟೊಳ್ಳಾಗಿದ್ದರೆ

ಕಂಬವನ್ನು ಸುತ್ತಿಗೆಯ ಹಿಡಿಯಿಂದ ಬುಡದಿಂದ ಎದೆಯೆತ್ತರದವರೆಗೆ ತಟ್ಟಿ ನೋಡಿ. ಗಟ್ಟಿ ಮರದ ಸದ್ದೇ ಬೇರೆ, ಟೊಳ್ಳಿನ ಸದ್ದೇ ಬೇರೆ. ಸಂಶಯ ಬಂದ ಕಡೆ ಸ್ಕ್ರೂ ಡ್ರೈವರ್ ಒತ್ತಿ. ಒಂದು ಅಂಗುಲ ಸಲೀಸಾಗಿ ಇಳಿದರೆ ಆ ಕಂಬವನ್ನು ನಂಬಬಾರದು.

ಇಲ್ಲಿ ಅವಸರ ಕೂಡದು. ಒಂದು ಮಂಗಳೂರು ಹಂಚು ಎರಡರಿಂದ ಎರಡೂವರೆ ಕಿಲೋಗ್ರಾಂ ತೂಗುತ್ತದೆ. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು ಬೇಕು. ಜಗಲಿಯ ಒಂದು ಕಂಬ ಹತ್ತು ಚದರ ಮೀಟರ್ ಮಾಡನ್ನು ಹೊತ್ತಿದ್ದರೆ ಹಂಚಿನ ಭಾರವೇ ಮೂರು ಕ್ವಿಂಟಲ್ ಮೀರುತ್ತದೆ. ಹಂಚು ಮಳೆಗಾಲದಲ್ಲಿ ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ. ಪಕಾಸು, ರೀಪುಗಳ ತೂಕ ಬೇರೆ. ಇಂಥ ಕಂಬದ ಬುಡವನ್ನು ಎಷ್ಟು ತಿಂದಿದೆ ನೋಡೋಣ ಎಂದು ಕತ್ತಿಯಿಂದ ಕೆತ್ತುತ್ತಾ ಹೋಗುವುದು ಅಪಾಯಕರ. ಮೊದಲು ಎರಡೂ ಪಕ್ಕದ ತೊಲೆಗೆ ಗಟ್ಟಿಯಾದ ಊರೆ ಕೊಡಿ. ಊರೆಯ ಕೆಳಗೆ ಚಪ್ಪಡಿ ಕಲ್ಲು ಅಥವಾ ದಪ್ಪ ಹಲಗೆ ಇರಲಿ. ಒದ್ದೆ ನೆಲದಲ್ಲಿ ಊರೆಯೇ ಹೂತುಹೋಗುತ್ತದೆ. ಆ ಕಂಬದ ಕೆಳಗೆ ಮಕ್ಕಳು ಆಡದಂತೆ, ದನ ಕಟ್ಟದಂತೆ ನೋಡಿಕೊಳ್ಳಿ. ಆಷಾಢ, ಶ್ರಾವಣದಲ್ಲಿ ಕಂಡುಬಂದರೆ ಊರೆ ಕೊಟ್ಟು ಸುಮ್ಮನಿದ್ದು, ಕಂಬ ಬದಲಿಸುವ ಕೆಲಸವನ್ನು ಮಳೆ ನಿಂತ ಮೇಲೆ ಹಂಚು ಇಳಿಸಿ ಮಾಡುವುದು ಲೇಸು.

ಕಂಬವನ್ನು ಪೂರ್ತಿ ಬದಲಿಸಲೇಬೇಕೆಂದಿಲ್ಲ. ಬುಡ ಮಾತ್ರ ಹೋಗಿದ್ದರೆ ಒಳ್ಳೆಯ ಮರ ಕಂಡ ಜಾಗದಿಂದ ಇನ್ನೊಂದು ಅಡಿ ಮೇಲೆ ಕೊಯ್ದು, ಅಲ್ಲಿಂದ ಕೆಳಗೆ ಕಲ್ಲಿನ ಕಂಬದ ತುಂಡು ನಿಲ್ಲಿಸಬಹುದು ಅಥವಾ ಬಡಗಿಯಿಂದ ಬೇರೆ ಮರ ಬೆಸೆಸಬಹುದು. ಕಲ್ಲಿಗೂ ಮರಕ್ಕೂ ನಡುವೆ, ಕಂಬಕ್ಕಿಂತ ಒಂದು ಅಂಗುಲ ಹೊರಚಾಚುವಂತೆ ಒಂದು ತಗಡು ಕೂರಿಸಿ. ನೆಲದ ತೇವ ಮರಕ್ಕೆ ಏರುವುದು ನಿಲ್ಲುತ್ತದೆ. ಒರಲೆ ತಗಡಿನ ಅಂಚು ಸುತ್ತಿ ಬಂದರೆ ಕಣ್ಣಿಗೆ ಕಾಣುತ್ತದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಹಲವರು ಹಳೆಯ ಮನೆ ಬಿಚ್ಚಿ, ಕಂಬ ತೊಲೆಗಳನ್ನು ಹೊತ್ತು ತಂದು ಬೇರೆ ಕಡೆ ಮನೆ ಕಟ್ಟಿಕೊಂಡರು. ಅಂಥ ಕಂಬಗಳಲ್ಲಿ ಹಿಂದಿನ ಮನೆಯ ಬೆಸುಗೆಯ ಕುಳಿಗಳು ಹಾಗೆಯೇ ಉಳಿದಿರುತ್ತವೆ. ಮರ ಕಬ್ಬಿಣದಂಥದ್ದಾದರೂ ಈ ಕುಳಿಗಳಲ್ಲಿ ತೇವ, ಕಸ ಸೇರುತ್ತದೆ. ಹಳೆಯ ಮರ ಇರುವ ಮನೆಯವರು ಕುಳಿಗಳನ್ನು ಒಂದೊಂದಾಗಿ ನೋಡಿ, ಶುಚಿ ಮಾಡಿ, ಒಣ ಮರದ ಬಿರಡೆ ಹೊಡೆದು ಮುಚ್ಚುವುದು ಒಳ್ಳೆಯದು.

ಹೊಸ ಮರ ಕೊಳ್ಳುವಾಗ ಹೆಸರು ನೋಡಿ ಕೊಳ್ಳಬೇಡಿ, ಚೇಗು ನೋಡಿ ಕೊಳ್ಳಿ. ಸಾಗುವಾನಿ, ಹೊನ್ನೆ, ಹಲಸು, ಬೋಗಿ ಇವುಗಳ ಚೇಗನ್ನು ಒರಲೆ ಸುಲಭಕ್ಕೆ ಮುಟ್ಟದು. ಆದರೆ ಯಾವ ಮರದ್ದೇ ಆದರೂ ಹೊರಗಿನ ಬಿಳಿ ಭಾಗಕ್ಕೆ ಆ ಗುಣವಿಲ್ಲ. ಹದಿನೈದು ಇಪ್ಪತ್ತು ವರ್ಷದ ಸಾಗುವಾನಿಯಲ್ಲಿ ಬಿಳಿಯ ಪಾಲು ಹೆಚ್ಚು. ಸಾಗುವಾನಿ ಬಾಗಿಲನ್ನೂ ಒರಲೆ ತಿಂದಿತಲ್ಲ ಎಂದು ಆಶ್ಚರ್ಯಪಡುವವರು ತಿಂದದ್ದು ಯಾವ ಭಾಗ ಎಂದು ನೋಡಿದರೆ ಉತ್ತರ ಸಿಗುತ್ತದೆ.

ವಿಷದ ಮಾತು

ನೀರು ನಿಲ್ಲಿಸಿ, ಮಣ್ಣು ಸರಿಸಿ, ಮರ ಬದಲಿಸಿದ ಮೇಲೂ ಸುರಂಗಗಳು ಏಳುತ್ತಿದ್ದರೆ ರಾಸಾಯನಿಕದ ಯೋಚನೆ ಮಾಡಬಹುದು. ಅದಕ್ಕೂ ಮುನ್ನ ನಿಮ್ಮ ಅಟ್ಟ, ಪಂಪಿನ ಮನೆಗಳಲ್ಲಿರುವ ಹಳೆಯ ಡಬ್ಬಿಗಳನ್ನು ಒಮ್ಮೆ ನೋಡಿ. ಬಿ.ಎಚ್.ಸಿ. ಪುಡಿ, ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಇವು ಒಂದು ಕಾಲದಲ್ಲಿ ಒರಲೆಗೆ ಎಲ್ಲೆಡೆ ಬಳಕೆಯಾದವು. ಇವು ಮಣ್ಣಿನಲ್ಲಿ ವರ್ಷಗಟ್ಟಲೆ ಕರಗದೆ ಉಳಿದು, ಹಾಲು, ಕೊಬ್ಬುಗಳ ಮೂಲಕ ಮನುಷ್ಯರ ಮೈಸೇರುವುದು ತಿಳಿದುಬಂದಿತು. ನಮ್ಮ ದೇಶದಲ್ಲಿ 1996 ಮತ್ತು 1997ರಲ್ಲಿ ಈ ನಾಲ್ಕನ್ನೂ ನಿಷೇಧಿಸಲಾಯಿತು. 2001ರಲ್ಲಿ ಹಲವು ರಾಷ್ಟ್ರಗಳು ಸೇರಿ ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಮೊದಲ ಹನ್ನೆರಡು ವಸ್ತುಗಳ ಪಟ್ಟಿಯಲ್ಲಿ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಮೂರೂ ಇದ್ದವು. ತೋಟಕ್ಕೆ ತಂದು ಉಳಿದ ಫೋರೇಟ್ ಹರಳನ್ನು ಗೋಡೆಯ ಬಿರುಕಿಗೆ ತುಂಬುವವರೂ ಇದ್ದಾರೆ. ಅದರ ಮೇಲೆ 2020ರ ಕೊನೆಯಿಂದ ನಿಷೇಧವಿದೆ. ಮನೆಯೊಳಗೆ ಅದನ್ನು ತರುವುದು ನಿಷೇಧಕ್ಕೆ ಮುಂಚೆಯೂ ಸಲ್ಲದ ಕೆಲಸವೇ ಆಗಿತ್ತು. ಇಂಥ ಡಬ್ಬಿಗಳಿದ್ದರೆ ಒಡೆಯಬೇಡಿ, ಸುಡಬೇಡಿ, ಹಳ್ಳಕ್ಕೆ ಎಸೆಯಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕಟ್ಟಿದ ಮನೆಗಳಿಗೆ ಬಳಕೆಯಲ್ಲಿರುವ ಔಷಧಿಗಳಲ್ಲಿ ಮುಖ್ಯವಾದವು ಕ್ಲೋರ್‌ಪೈರಿಫಾಸ್ ಮತ್ತು ಇಮಿಡಾಕ್ಲೋಪ್ರಿಡ್. ಕ್ಲೋರ್‌ಪೈರಿಫಾಸ್ ಶೇಕಡಾ 20ರದ್ದಾದರೆ 1 ಲೀಟರ್ ಔಷಧಿಗೆ 19 ಲೀಟರ್ ನೀರು ಸೇರಿಸಿದಾಗ ಶೇಕಡಾ 1ರ ದ್ರಾವಣವಾಗುತ್ತದೆ. ಇಮಿಡಾಕ್ಲೋಪ್ರಿಡ್ ಶೇಕಡಾ 30.5ರದ್ದನ್ನು ಲೀಟರ್ ನೀರಿಗೆ 2.1 ಮಿಲಿಲೀಟರ್ ಪ್ರಮಾಣದಲ್ಲಿ ಬೆರೆಸುತ್ತಾರೆ. 2025ರಲ್ಲಿ ಕ್ಲೋರ್‌ಪೈರಿಫಾಸ್ ಕೂಡ ಕೆಲವು ವಿನಾಯಿತಿಗಳೊಂದಿಗೆ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿದೆ. ಆದುದರಿಂದ ಕೊಳ್ಳುವ ಮುನ್ನ ಆ ವರ್ಷದ ನಿಯಮವೇನೆಂದು ಕೇಳಿ. ಡಬ್ಬಿಯ ಚೀಟಿಯ ಮೇಲೆ ಕಟ್ಟಡದ ಗೆದ್ದಲಿಗೆ ಎಂದು ಬರೆದಿರದ ಔಷಧಿಯನ್ನು ತರಬೇಡಿ.

ಗೋಡೆಯ ಹೊರಬದಿಗೆ ತಾಗಿದಂತೆ ಸಣ್ಣ ಕಾಲುವೆ ತೆಗೆದು, ಅದರಲ್ಲಿ ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ, ಅಂದರೆ 15 ಸೆಂಟಿಮೀಟರಿಗೊಂದರಂತೆ, ಸಲಾಕೆಯಿಂದ ತೂತು ಮಾಡಿ, ಮೀಟರ್ ಉದ್ದಕ್ಕೆ 1.75 ಲೀಟರ್ ದ್ರಾವಣ ಸುರಿದು ಮುಚ್ಚುವುದು ಕ್ರಮ. ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಸುತ್ತಳತೆ 40 ಮೀಟರ್ ಇರುವ ಸಾಧಾರಣ ಮನೆಗೆ 70 ಲೀಟರ್ ದ್ರಾವಣ ಬೇಕು. ಕ್ಲೋರ್‌ಪೈರಿಫಾಸ್ ಆದರೆ ಅದರಲ್ಲಿ ಮೂರೂವರೆ ಲೀಟರ್ ಔಷಧಿ, ಅಂದರೆ 700 ಗ್ರಾಂ ಅಪ್ಪಟ ವಿಷ. ಅದನ್ನು ಮನೆಯ ಸುತ್ತಲಿನ ಮಣ್ಣಿಗೆ ಸೇರಿಸುತ್ತಿದ್ದೀರಿ. ಜಂಬಿಟ್ಟಿಗೆ ನೆಲದಲ್ಲಿ ನೀರು ಇಳಿಯುವ ಕೊಳವೆಗಳಂಥ ರಂಧ್ರಗಳು ಬಹಳ. ಕ್ಲೋರ್‌ಪೈರಿಫಾಸ್ ಮಣ್ಣಿಗೆ ಅಂಟಿಕೊಳ್ಳುವ ಗುಣದ್ದಾದರೂ ಮಣ್ಣೇ ಕೊಚ್ಚಿಹೋದರೆ ಜೊತೆಗೆ ಹೋಗುತ್ತದೆ, ಮೀನಿಗೆ ಅದು ಕಡು ವಿಷ. ಇಮಿಡಾಕ್ಲೋಪ್ರಿಡ್ ಅಳತೆಯಲ್ಲಿ ಕಡಿಮೆ ಸಾಕು, ಆದರೆ ನೀರಿನಲ್ಲಿ ಹೆಚ್ಚು ಕರಗುತ್ತದೆ, ನೀರಿನೊಡನೆ ಇಳಿಯುತ್ತದೆ. ಜೇನಿಗೆ ಎರಡೂ ಮಾರಕ.

ಕುಡಿಯುವ ನೀರಿನ ಬಾವಿಯಿಂದ 15 ಮೀಟರ್ ಒಳಗೆ ಬರುವ ಗೋಡೆಗೆ ಯಾವ ಔಷಧಿಯನ್ನೂ ನೆಲಕ್ಕೆ ಸುರಿಯಲು ನಾನು ಸಲಹೆ ಮಾಡುವುದಿಲ್ಲ. ಬಾವಿ ಇಳಿಜಾರಿನ ಕೆಳಗಿದ್ದರೆ ಇನ್ನೂ ದೂರ ಬಿಡಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಬಾವಿ ಅಡಿಗೆಮನೆಗೇ ತಾಗಿರುತ್ತದೆ. ಅಂಥ ಮನೆಯವರಿಗೆ ಒಣಗಿಸುವುದು, ಕಲ್ಲು, ತಗಡು ಮತ್ತು ಮರದ ಉಪಚಾರ ಇಷ್ಟೇ ದಾರಿ. ಒಂದು ಚೌಕಟ್ಟು ಹೋದರೆ ಇನ್ನೊಂದು ಮಾಡಿಸಬಹುದು, ಬಾವಿ ಕೆಟ್ಟರೆ ಬೇರೆ ತೋಡಿಸಿದರೂ ಅದೇ ನೆಲದ ನೀರು ಬರುತ್ತದೆ. ದಲ್ಲಾಳಿಗಳು ಹತ್ತು ವರ್ಷದ ಖಾತ್ರಿ ಕೊಡುತ್ತೇವೆಂದು ಬಾಗಿಲಿಗೆ ಬಂದಾಗ ಬಾವಿ ಎಲ್ಲಿದೆ ಎಂದು ಅವರು ಕೇಳಿದರೇ ಎಂಬುದನ್ನು ಗಮನಿಸಿ. 1968ರ ಕೀಟನಾಶಕ ಕಾಯ್ದೆಯಂತೆ ಇಂಥ ಕೆಲಸ ಮಾಡುವವರಿಗೆ ಪರವಾನಗಿ ಇರಬೇಕು, ಅದನ್ನು ತೋರಿಸಲು ಹೇಳಿ.

ಔಷಧಿಗೆ ಸರಿಯಾದ ಕಾಲ ನವೆಂಬರ್‌ನಿಂದ ಫೆಬ್ರವರಿ. ನೆಲ ನೀರು ಕುಡಿದು ಜವುಗಾಗಿರುವಾಗ, ಮಳೆ ಬರುವ ಸೂಚನೆ ಇರುವಾಗ ಹಾಕತಕ್ಕದ್ದಲ್ಲ. ಅಡಿಕೆ, ಭತ್ತ ತುಂಬಿಡುವ ಅಟ್ಟ, ಕಣಜಗಳ ಬಳಿ ಸಿಂಪಡಿಸಕೂಡದು. ಕೊಟ್ಟಿಗೆಯ ಕಂಬಗಳನ್ನು ದನಕರುಗಳು ನೆಕ್ಕುತ್ತವೆ, ಅವಕ್ಕೆ ಬಳಿಯಬೇಡಿ. ಗೋಡೆಗೆ ತೂತು ಕೊರೆಯುವ ಮುನ್ನ ವಿದ್ಯುತ್ತಿನ ಮೇನ್ ಆರಿಸಿ. ರಬ್ಬರ್ ಕೈಗವಸು ಇಲ್ಲದೆ ಔಷಧಿ ಬೆರೆಸಬೇಡಿ, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಈ ಕೆಲಸ ಮಾಡಲೇಬೇಡಿ. ಕೆಲಸ ಮಾಡಿದವರಿಗೆ ವಿಪರೀತ ಬೆವರು, ಜೊಲ್ಲು, ವಾಂತಿ ಕಾಣಿಸಿ ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾದರೆ ಮನೆಮದ್ದಿಗೆ ಹೊತ್ತು ಕಳೆಯದೆ ಔಷಧಿಯ ಡಬ್ಬಿಯೊಡನೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮರಕ್ಕೆ ಮಾಡುವ ಉಪಚಾರ

ಮಾಡಿನ ಒಳಗೆ, ಮಳೆ ತಾಗದ ಕಡೆ ಬಳಸುವ ಬಿದಿರು, ದಬ್ಬೆ, ಮೆದು ಮರದ ರೀಪುಗಳಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಉಪಚಾರ ಉತ್ತಮ. ಕುಟ್ಟೆ ಮತ್ತು ಒರಲೆ ಎರಡಕ್ಕೂ ಅದು ಆಗುತ್ತದೆ. ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ. ಸೀಳಿದ ಹಸಿ ಬಿದಿರನ್ನು ಇದರಲ್ಲಿ ಕೆಲವು ದಿನ ಮುಳುಗಿಸಿಟ್ಟು, ತೆಗೆದು ನೆರಳಿನಲ್ಲಿ ಒಣಗಿಸಿ. ತೇವವಿರುವ ಮರದಲ್ಲಿ ಇದು ತಾನಾಗಿ ಒಳಕ್ಕೆ ಹರಡುತ್ತದೆ. ಪೂರ್ತಿ ಒಣಗಿದ ತೊಲೆಗೆ ಕುಂಚದಿಂದ ಬಳಿದರೆ ಮೇಲ್ಪದರಕ್ಕಷ್ಟೇ ಸೇರುತ್ತದೆ. ಬಿದಿರನ್ನು ಕಡಿದ ಕೂಡಲೇ ಹಳ್ಳದ ನೀರಿನಲ್ಲಿ ನೆನೆಹಾಕುವ ಹಿರಿಯರ ಪದ್ಧತಿಯಲ್ಲಿಯೂ ಹುರುಳಿದೆ. ಪಿಷ್ಟ ಕರಗಿಹೋಗಿ ಕುಟ್ಟೆ ಕಡಿಮೆಯಾಗುತ್ತದೆ, ಆದರೆ ಅದು ಒರಲೆಯನ್ನು ತಡೆಯಲಾರದು. ಮಳೆ ತಾಗುವ ಬೇಲಿ ಕಂಬಗಳಿಗೆ ಬೋರಾಕ್ಸ್ ಪ್ರಯೋಜನವಿಲ್ಲ, ತೊಳೆದುಹೋಗುತ್ತದೆ. ಅಲ್ಲಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಕೆಟ್ಟದ್ದಲ್ಲ, ಆದರೆ ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ.

ಉಪಚಾರ ಮುಗಿದು ಉಳಿದ ಬೋರಾಕ್ಸ್ ನೀರನ್ನು ಬೋರಾನ್ ಗೊಬ್ಬರವೆಂದು ಅಡಿಕೆ ಮರದ ಬುಡಕ್ಕೆ ಸುರಿದುಬಿಡಬೇಡಿ. ಹತ್ತು ಲೀಟರಿನಲ್ಲಿ ಇರುವುದು ಹಲವು ಮರಗಳ ಒಂದು ವರ್ಷದ ಪಾಲು. ಒಂದೇ ಮರಕ್ಕೆ ಬಿದ್ದರೆ ಎಲೆಯ ಅಂಚು ಸುಟ್ಟುಹೋಗುತ್ತದೆ. ಮುಂದಿನ ಬಿದಿರಿಗೆ ಅದೇ ನೀರನ್ನು ಬಳಸಬಹುದು.

ಮನೆಯಿಂದ ತೆಗೆದ ಹಳೆಯ ಮರದಲ್ಲಿ ಬರಿಯ ಒರಲೆ ಇದ್ದರೆ ಬಿಸಿಲಿಗೆ ಹರಡಿ ಒಣಗಿಸಿ ಬಚ್ಚಲ ಒಲೆಗೆ ಹಾಕಿ. ಆದರೆ ಎಂದಾದರೂ ವಿಷ ಬಳಿದ ಮರವಾಗಿದ್ದರೆ ಅದು ಬಚ್ಚಲ ಒಲೆಗೂ ಬೇಡ, ಅಡಿಕೆ ಬೇಯಿಸುವ ಒಲೆಗೂ ಬೇಡ, ಗೊಬ್ಬರದ ಗುಂಡಿಗೂ ಬೇಡ. ಅಂಥ ತುಂಡುಗಳನ್ನು ದನಕರು ಮುಟ್ಟದ, ಬಾವಿಯಿಂದ ದೂರದ ಒಣ ಜಾಗದಲ್ಲಿ, ಮಳೆ ತಾಗದಂತೆ ಬೇರೆಯಾಗಿ ಒಟ್ಟಿಡಿ. ಯಾವುದಕ್ಕೆ ಏನು ಬಳಿದಿತ್ತು, ಯಾವ ವರ್ಷ ಎಂಬುದನ್ನು ಸುಣ್ಣದಲ್ಲಿ ಅದರ ಮೇಲೆಯೇ ಬರೆದಿಡಿ.